ಬಾಕಿ ಟೀ: 143

ನಮ್ಮ ಕಚೇರಿಯಲ್ಲಿ ಸ್ಟಾಕ್ ರಿಜಿಸ್ಟರ್ ಎಂಬುದು ಮಡಿಯ ವಸ್ತುವಾಗಿದ್ದ ಕಾಲವೊಂದಿತ್ತು. ಕೆಂಪು ಬಟ್ಟೆಯ ರಟ್ಟು, ಮೊದಲ ಪುಟದಲ್ಲಿ ಅರಿಶಿನ ಹಚ್ಚಿ ಬರೆದ ‘ಶ್ರೀ’, ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅದರ ಮೇಲೂ ಒಂದು ಚೆಂಡುಹೂವು. ಅದನ್ನಿಡುವ ಕಬ್ಬಿಣದ ಕಪಾಟಿನ ಕೀಲಿಕೈ ಲೆಕ್ಕದ ಕಾಕಾನ ಉಡಿದಾರಕ್ಕೆ ಕಟ್ಟಿರುತ್ತಿತ್ತು. ಕಾಕಾ ಸ್ನಾನಕ್ಕೆ ಹೋದರೂ ಅದು ಅವರ ಜೊತೆಗೇ ಹೋಗುತ್ತದೆ ಎಂಬ ಪ್ರತೀತಿ ಇತ್ತು. ಪರೀಕ್ಷಿಸಲು ಯಾರೂ ಹೋಗಿರಲಿಲ್ಲ. ರಿಜಿಸ್ಟರಿನಲ್ಲಿ ಬರೆಯುವ ಹಕ್ಕು ಅವರೊಬ್ಬರದೇ. ಅಂಕಿ ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಹಳೆಯದೂ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಇರುವೆಯಷ್ಟು ದೊಡ್ಡ ಸಹಿ ಹಾಕುತ್ತಿದ್ದರು. ಉಳಿದ ನಾವು ದೂರದಿಂದ ಇಣುಕಿ ನೋಡಬಹುದಿತ್ತು. ಅದೂ ಕೈಯಲ್ಲಿ ಚಹಾದ ಲೋಟ ಇಲ್ಲದಿದ್ದರೆ ಮಾತ್ರ. ಈ ವ್ಯವಸ್ಥೆಗೆ ದೊಡ್ಡ ಕಂಪನಿಗಳಲ್ಲಿ ‘ಆಕ್ಸೆಸ್ ಕಂಟ್ರೋಲ್’ ಎನ್ನುತ್ತಾರಂತೆ. ನಾವು ಉಡಿದಾರ ಎನ್ನುತ್ತಿದ್ದೆವು.

ನಮ್ಮದು ಕೊಪ್ಪಳದಲ್ಲಿ ಪೈಪು, ಮೋಟರು, ಹನಿ ನೀರಾವರಿಯ ಸಾಮಾನು ಮಾರುವ ಅಂಗಡಿ. ಅಂಗಡಿ ಎಂದರೆ ಸಾಹುಕಾರರ ಮುಖ ಸಣ್ಣದಾಗುತ್ತದೆ, ಆದ್ದರಿಂದ ಕಚೇರಿ ಎನ್ನುತ್ತೇನೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಒಂದೊಂದು ಶಾಖೆ. ಹೋದ ಬೇಸಿಗೆಯಲ್ಲಿ ಸಾಹುಕಾರರು ಹುಬ್ಬಳ್ಳಿಯ ಬೀಗರ ಮನೆಗೆ ಹೋಗಿದ್ದರು. ಅಲ್ಲಿ ಬೀಗರ ಮಗ ಊಟಕ್ಕೆ ಕುಳಿತಲ್ಲೇ ಮೊಬೈಲ್ ತೆಗೆದು, “ನಮ್ಮ ಧಾರವಾಡದ ಗೋದಾಮಿನಲ್ಲಿ ಈ ಗಳಿಗೆಗೆ ಎಷ್ಟು ಪೈಪು ಇವೆ ನೋಡಿ ಮಾವ” ಎಂದು ತೋರಿಸಿದನಂತೆ. ಹೋಳಿಗೆ ಸಾಹುಕಾರರ ಗಂಟಲಲ್ಲೇ ನಿಂತಿತು. ಮರುದಿನ ಬೆಳಿಗ್ಗೆ ಕಚೇರಿಗೆ ಬಂದವರೇ, “ಇನ್ನು ಎಂಟು ದಿನದಲ್ಲಿ ನಮ್ಮ ಸ್ಟಾಕ್ ಕೂಡ ನನ್ನ ಅಂಗೈಯಲ್ಲಿ ಕಾಣಬೇಕು” ಎಂದು ನನ್ನ ಕಡೆ ನೋಡಿದರು. ನನ್ನ ಕಡೆಗೇ ಏಕೆಂದರೆ, ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ನಾನು ಒಮ್ಮೆ ಹರಿಯದಂತೆ ಎಳೆದು ತೆಗೆದಿದ್ದೆ. ಅಂದಿನಿಂದ ಕಚೇರಿಯಲ್ಲಿ ಕಂಪ್ಯೂಟರ್ ಬಲ್ಲವನು ನಾನೇ.

ಭಾನುವಾರ ಮನೆಯಲ್ಲಿ, ಮಗಳು ಓದುವ ಕಂಪ್ಯೂಟರಿನ ಮುಂದೆ ಕುಳಿತು ಒಂದು ಗೂಗಲ್ ಶೀಟ್ ತಯಾರಿಸಿದೆ. ಸಾಮಾನು, ಅಳತೆ, ಬಂದದ್ದು, ಹೋದದ್ದು, ಬಾಕಿ. ಐದು ಅಂಕಣ, ಮುನ್ನೂರು ಚಿಲ್ಲರೆ ಸಾಲು. ಬಾಕಿಯ ಅಂಕಣ ತಾನೇ ಲೆಕ್ಕ ಮಾಡಿಕೊಳ್ಳುವಂತೆ ಸೂತ್ರ ಹಾಕಿದಾಗ ನನಗೇ ರೋಮಾಂಚನವಾಯಿತು. ಹಂಚಲು ಹೋದಾಗ ಒಂದು ಚೌಕ ತೆರೆದುಕೊಂಡಿತು: ಯಾರಿಗೆ ಕೊಡುತ್ತೀರಿ, ಏನೆಂದು ಕೊಡುತ್ತೀರಿ? ಒಬ್ಬೊಬ್ಬರ ಇಮೇಲ್ ವಿಳಾಸ ಹುಡುಕಿ ಹಾಕುವ ತಾಳ್ಮೆ ಯಾರಿಗಿದೆ? ‘ಲಿಂಕ್ ಇರುವ ಯಾರಾದರೂ’ ಎಂಬುದನ್ನು ಆರಿಸಿ, ಪಕ್ಕದಲ್ಲಿ ‘ಎಡಿಟರ್’ ಒತ್ತಿ, ಆ ಲಿಂಕನ್ನು ಕಚೇರಿಯ ವಾಟ್ಸಾಪ್ ಗುಂಪಿಗೆ ಎಸೆದು ಊಟಕ್ಕೆ ಎದ್ದೆ.

ಗುಂಪಿನಲ್ಲಿ 41 ಜನ ಇದ್ದರು. ಸಿಬ್ಬಂದಿ ಇಪ್ಪತ್ತಾರು. ಉಳಿದ ಹದಿನೈದು ಜನ ಯಾರು ಎಂದು ನಾನು ಆ ದಿನ ಯೋಚಿಸಲಿಲ್ಲ. ಕೆಲಸ ಬಿಟ್ಟು ಹೋಗಿ, ಎದುರಿನ ಓಣಿಯಲ್ಲಿ ಇಂಥದ್ದೇ ಅಂಗಡಿ ಇಟ್ಟವನೊಬ್ಬ ಇದ್ದ. ಮೋಟರು ರಿಪೇರಿಗೆ ಕೊಟ್ಟು ‘ಆಯಿತೇ, ಆಯಿತೇ’ ಎಂದು ಕೇಳಲೆಂದೇ ಸೇರಿಕೊಂಡಿದ್ದ ಇಬ್ಬರು ರೈತರಿದ್ದರು. ದಿನಾ ಬೆಳಿಗ್ಗೆ ಸೂರ್ಯೋದಯದ ಚಿತ್ರ ಕಳಿಸುವ ಸಾಹುಕಾರರ ಭಾವಮೈದುನ ಇದ್ದರು. ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೆಯದೊಂದರ ಚೈನು ಕಡಿದು ಗೇಟು ಕೊಚ್ಚಿಹೋದಾಗ, ಇಡೀ ಹಂಗಾಮಿನ ನೀರೇ ಹೋಯಿತು ಎಂದು ನಮ್ಮ ಕಡೆಯವರು ಎಂಥ ಭಯ ಪಟ್ಟಿದ್ದರು! ನಾನು ಊಟಕ್ಕೆ ಏಳುವ ಮುನ್ನ ಮೂವತ್ತಮೂರನ್ನೂ ಎತ್ತಿಟ್ಟಿದ್ದೆ.

ಸೋಮವಾರ ಹತ್ತು ಗಂಟೆಗೆ ಶೀಟ್ ತೆರೆದರೆ ಮೇಲ್ಗಡೆ ಬಣ್ಣಬಣ್ಣದ ಸಣ್ಣ ಬಿಲ್ಲೆಗಳು. ಒಂದೊಂದರೊಳಗೆ ಒಂದೊಂದು ಪ್ರಾಣಿ. ಹೆಸರಿನಿಂದ ಸೇರಿಸದೆ ಬರಿಯ ಲಿಂಕ್ ಹಿಡಿದು ಒಳಗೆ ಬಂದವರಿಗೆ ಗೂಗಲ್ ಹೀಗೆ ಅನಾಮಿಕ ಪ್ರಾಣಿಗಳ ವೇಷ ಹಾಕುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಅನಾಮಿಕ ಕ್ಯಾಪಿಬಾರಾ ಒಂದು 7.5 ಎಚ್‌ಪಿ ಮೋಟರಿನ ಸಾಲಿನಲ್ಲಿ ಕುಳಿತಿತ್ತು. ಅನಾಮಿಕ ಎಮ್ಮೆ ನಿಧಾನವಾಗಿ, ಪೈಪನ್ನು ಮೂಲೆಯಲ್ಲಿ ತಿರುಗಿಸುವ ಎಲ್ಬೋಗಳ ಕಡೆ ಬರುತ್ತಿತ್ತು. ಒಂದು ನರಿ ಉದ್ರಿ ಬಾಕಿಯ ಹಾಳೆಯಲ್ಲಿ ಸುಳಿದಾಡುತ್ತಿತ್ತು. ಅದು ಎದುರಿನ ಓಣಿಯವನೇ ಎಂದು ನನಗೆ ಈಗಲೂ ಅನುಮಾನ.

ಸಾಹುಕಾರರು ಕನ್ನಡಕ ಏರಿಸಿ ನೋಡಿದರು. “ಏನಪ್ಪಾ ಇದು? ದರೋಜಿ ಕರಡಿಧಾಮದ ಬಾಗಿಲು ತೆರೆದಿದೆಯೋ ಹೇಗೆ?”

“ಎಲ್ಲರೂ ನಮ್ಮವರೇ ಸಾಹುಕಾರರೇ. ಹೆಸರು ಕಾಣುತ್ತಿಲ್ಲ ಅಷ್ಟೇ.”

“ಈ ಇಲಿಯಂಥದ್ದು ಯಾರು?”

“ಅದು ಕ್ಯಾಪಿಬಾರಾ. ಅಮೆರಿಕದ ಕಡೆಯದು.”

“ಅಮೆರಿಕದವರಿಗೆ ನಮ್ಮ ಸ್ಟಾಕ್ ಏಕೆ ತೋರಿಸಿದೆ?”

ಅಷ್ಟರಲ್ಲಿ ಕ್ಯಾಪಿಬಾರಾ ಮೋಟರಿನ ಸಾಲನ್ನೇ ಅಳಿಸಿತು. ಆಮೇಲೆ ತಿಳಿದದ್ದು: ಅದು ಕುಷ್ಟಗಿ ಶಾಖೆಯ ಹುಡುಗ. ಬಸ್ಸಿನಲ್ಲಿ ನಿಂತು ನೋಡುತ್ತಿದ್ದಾಗ ಡ್ರೈವರು ಬ್ರೇಕ್ ಹಾಕಿದ.

ಅಂದೇ ಲಿಂಕ್ ಮುಚ್ಚಿದೆ. ಎಲ್ಲರ ಇಮೇಲ್ ವಿಳಾಸ ಸಂಗ್ರಹಿಸಲು ಮೂರು ದಿನ ಬೇಕಾಯಿತು. ಕೆಲವರಿಗೆ ವಿಳಾಸವೇ ನೆನಪಿರಲಿಲ್ಲ, ಒಬ್ಬನದು ಅವನ ತಂಗಿಯ ಹೆಸರಿನಲ್ಲಿತ್ತು, ಅಟೆಂಡರ್ ಹುಡುಗನದು ಮಾತ್ರ ಅಚ್ಚುಕಟ್ಟಾಗಿ ಅವನದೇ ಹೆಸರಿನಲ್ಲಿತ್ತು. ಈಗ ಪ್ರತಿಯೊಬ್ಬರಿಗೂ ದರ್ಜೆ ಕೊಡಬೇಕು. ದರ್ಜೆಗಳು ಮೂರು. ನೋಡಿ ಸುಮ್ಮನೆ ಹೋಗುವವರು. ನೋಡಿ ಪಕ್ಕದಲ್ಲಿ ಟಿಪ್ಪಣಿ ಹಾಕುವವರು. ಒಳಗೆ ಕೈ ಹಾಕಿ ತಿದ್ದುವವರು. ನಮ್ಮ ಕಡೆಯ ಮದುವೆಗಳಲ್ಲಿಯೂ ಇರುವುದು ಈ ಮೂರೇ ಬಗೆಯ ಜನ. ಆದರೆ ಮದುವೆ ಪತ್ರಿಕೆಯ ಮೇಲೆ ‘ನೀವು ನೋಡಿ ಹೋಗಲು ಮಾತ್ರ’ ಎಂದು ಅಚ್ಚು ಹಾಕಿಸುವ ಧೈರ್ಯ ಯಾರಿಗಿದೆ? ನನಗೂ ಇರಲಿಲ್ಲ. ಕಾಕಾನಿಗೆ ಕೊಟ್ಟು ಸ್ಟೋರಿನವನಿಗೆ ಕೊಡದಿದ್ದರೆ ಹೇಗೆ, ಅವನಿಗೆ ಕೊಟ್ಟು ಗಂಗಾವತಿಯವನಿಗೆ ಇಲ್ಲವೆಂದರೆ ಹೇಗೆ ಎಂದು, ವೀಳ್ಯದೆಲೆ ಹಂಚಿದಂತೆ ಇಪ್ಪತ್ತಾರು ಜನರಿಗೂ ತಿದ್ದುವ ಹಕ್ಕು ಹಂಚಿ ಕೈ ತೊಳೆದುಕೊಂಡೆ.

ಹೀಗೆ ಬಂದ ಪೂರ್ಣ ಪ್ರಜಾಪ್ರಭುತ್ವದ ಮೊದಲ ಫಲವೆಂದರೆ ಊರುಗಳ ಹೆಸರು. ಕುಷ್ಟಗಿ ಆರು ರೀತಿಯಲ್ಲಿ ಬಂತು. ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಅನ್ನು ಸರ್ಕಾರ 2014ರ ನವೆಂಬರ್ 1ರಂದೇ ಬದಲಿಸಿದೆ, ಆದರೆ ಅರ್ಧ ಸಿಬ್ಬಂದಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಹೊಸ ಬಳ್ಳಾರಿ, ಹಳೆಯ ಬಳ್ಳಾರಿ ಎರಡೂ ಬೇರೆ ಬೇರೆ ಊರುಗಳೆಂದು ಶೀಟ್ ನಂಬಿತು. ಎರಡರಲ್ಲಿ ಯಾವುದಕ್ಕೆ ವ್ಯಾಪಾರ ಹೆಚ್ಚು ಎಂಬುದರ ಮೇಲೆ ಸಾಹುಕಾರರು ನನ್ನಿಂದ ಒಂದು ವರದಿಯನ್ನೂ ಪಡೆದರು.

ಎರಡನೆಯ ಫಲ ಟೀ.

ಪೈಪಿನ ವ್ಯಾಪಾರ ಗೊತ್ತಿಲ್ಲದವರಿಗೆ ಹೇಳಬೇಕು. ಒಂದು ಪೈಪಿನಿಂದ ಇನ್ನೊಂದು ಪೈಪನ್ನು ಪಕ್ಕಕ್ಕೆ ಕವಲೊಡೆಸಲು ಹಾಕುವ ಮೂರು ಬಾಯಿಯ ತುಂಡಿಗೆ ‘ಟೀ’ ಎನ್ನುತ್ತಾರೆ. ಇಂಗ್ಲಿಷಿನ ಟಿ ಅಕ್ಷರದ ಆಕಾರ, ಅದಕ್ಕೇ ಆ ಹೆಸರು. ಶೀಟಿನ 112ನೆಯ ಸಾಲಿನಲ್ಲಿ ‘ಟೀ – 63’ ಎಂದಿತ್ತು. ಅರವತ್ತಮೂರು ಎಂದರೆ ಮಿಲಿಮೀಟರು. ಕುಡಿಯುವುದಕ್ಕೆ ನಮ್ಮಲ್ಲಿ ಯಾರೂ ಟೀ ಎನ್ನುವುದಿಲ್ಲ. ಚಹಾ ಎನ್ನುತ್ತೇವೆ. ಅಟೆಂಡರ್ ಹುಡುಗನೂ ಹುಟ್ಟಿದಾಗಿನಿಂದ ಚಹಾ ಎಂದೇ ಅಂದವನು. ಆದರೆ ಅವನಿಗೂ ನಾನು ಹಕ್ಕು ಕೊಟ್ಟಿದ್ದೆನಲ್ಲ, ಕೊಟ್ಟ ದಿನ ಅವನು ಶೀಟನ್ನು ಮೇಲಿಂದ ಕೆಳಗೆ ಭಕ್ತಿಯಿಂದ ಓದಿದನಂತೆ. 112ನೆಯ ಸಾಲಿಗೆ ಬಂದಾಗ ಅವನ ಕಣ್ಣು ತುಂಬಿ ಬಂತು. ಸರ್ ತನಗಾಗಿ ಒಂದು ಸಾಲು ಮಾಡಿಟ್ಟಿದ್ದಾರೆ! ಕಚೇರಿಯ ಕಾಗದವಾದ್ದರಿಂದ ಚಹಾ ಎನ್ನದೆ ಮರ್ಯಾದೆಯಿಂದ ಟೀ ಎಂದು ಬರೆದಿದ್ದಾರೆ! ಪಕ್ಕದ 63 ಹೋಟೆಲಿನವನ ಹಳೆಯ ಬಾಕಿ ಇರಬೇಕು ಎಂದುಕೊಂಡ.

ಅಂದಿನಿಂದ ಪ್ರತಿದಿನ ಸಂಜೆ ಆರಕ್ಕೆ, ಆ ದಿನ ಹೋಟೆಲಿನಿಂದ ಬಂದ ಚಹಾಗಳನ್ನು ಎಣಿಸಿ ‘ಬಂದದ್ದು’ ಅಂಕಣದಲ್ಲಿ ಕೂಡಿಸುತ್ತ ಬಂದ.

ಹೀಗಿರುವಾಗ ಶನಿವಾರ ಯಲಬುರ್ಗಾ ಕಡೆಯ ರೈತರೊಬ್ಬರು ಫೋನ್ ಮಾಡಿ, ಅರವತ್ತಮೂರರ ಟೀ ಮೂವತ್ತು ಬೇಕು, ಇದೆಯೇ ಎಂದು ಕೇಳಿದರು. ಸಾಹುಕಾರರಿಗೆ ಎಂಟು ದಿನದಿಂದ ಕಾಯುತ್ತಿದ್ದ ಗಳಿಗೆ ಅದು. ಅಂಗೈಯಲ್ಲಿ ಮೊಬೈಲ್ ಹಿಡಿದು, ಬೀಗರ ಮಗನ ಧಾಟಿಯಲ್ಲೇ, “ಮೂವತ್ತೇನು ಗೌಡರೇ, ಈ ಗಳಿಗೆಗೆ 143 ಇವೆ, ಬನ್ನಿ” ಎಂದರು. ಗೌಡರು ಟೆಂಪೊ ಬಾಡಿಗೆಗೆ ಹಿಡಿದು, ಜೊತೆಗೆ ಇಬ್ಬರು ಆಳುಗಳನ್ನು ಕೂರಿಸಿಕೊಂಡು, ನಡು ಮಧ್ಯಾಹ್ನದ ಬಿಸಿಲಲ್ಲಿ ಬಂದಿಳಿದರು. ಸ್ಟೋರಿನಲ್ಲಿ ಇದ್ದದ್ದು ಹನ್ನೊಂದು.

ಸ್ಟೋರಿನವನು ಮೂರು ಸಲ ಎಣಿಸಿದ. ಸಾಹುಕಾರರು ತಾವೇ ಒಳಗೆ ಹೋಗಿ ಎಣಿಸಿದರು. 132 ಟೀ ಕಳ್ಳತನವಾಗಿದೆ ಎಂದು ತೀರ್ಮಾನವಾಯಿತು. ಗೇಟಿನ ವಾಚ್‌ಮನ್‌ನ ಟಿಫಿನ್ ಡಬ್ಬಿಯನ್ನು ಕೂಡ ತೆರೆಸಿ ನೋಡಿದರು. ಒಂದು ಟೀ ಕೂಡ ಹಿಡಿಸದ ಡಬ್ಬಿ ಅದು, ಒಳಗೆ ಸಜ್ಜೆ ರೊಟ್ಟಿ ಮತ್ತು ಶೇಂಗಾ ಚಟ್ನಿ ಇತ್ತು. ಗೌಡರು ಕುರ್ಚಿಯಲ್ಲಿ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದರು. ಸಾಹುಕಾರರು ಅವರಿಗೆ ಚಹಾ ತರಿಸಿದರು. ಟೆಂಪೊದವನಿಗೊಂದು, ಆಳುಗಳಿಗೆ ಎರಡು. ಅಟೆಂಡರ್ ಹುಡುಗ ಮೊಬೈಲ್ ತೆಗೆದು ಏನನ್ನೋ ಒತ್ತಿದ. ನನ್ನ ಎದುರಿನ ಪರದೆಯಲ್ಲಿ 143 ಇದ್ದದ್ದು 147 ಆಯಿತು.

ನನ್ನ ಬೆನ್ನ ಹುರಿಯಲ್ಲಿ ತಣ್ಣನೆಯದೇನೋ ಇಳಿಯಿತು. ಆ ಸಾಲಿನ ‘ಬಂದದ್ದು’ ಚೌಕದ ಮೇಲೆ ಮೌಸಿನ ಬಲಗುಂಡಿ ಒತ್ತಿ ಅದರ ತಿದ್ದುಪಡಿಯ ಚರಿತ್ರೆ ತೆಗೆದೆ. ಶೀಟಿನಲ್ಲಿ ಇದೊಂದು ಸೌಲಭ್ಯವಿದೆ. ಯಾವ ಚೌಕವನ್ನು ಯಾರು, ಯಾವಾಗ, ಏನಿದ್ದದ್ದನ್ನು ಏನು ಮಾಡಿದರು ಎಂದು ಚಿತ್ರಗುಪ್ತನಂತೆ ಹೇಳುತ್ತದೆ. 40 ಇದ್ದದ್ದು 62. 62 ಇದ್ದದ್ದು 86. ಆಮೇಲೆ 106, 132, 154, 172. ಪ್ರತಿಯೊಂದರ ಕೆಳಗೂ ಅದೇ ಹೆಸರು, ಅದೇ ಸಂಜೆ ಆರು ಗಂಟೆ. ಕಚೇರಿಯ ಇತಿಹಾಸದಲ್ಲಿ ಇಷ್ಟು ಕ್ರಮಬದ್ಧವಾಗಿ ಲೆಕ್ಕ ಇಟ್ಟವರು ಇನ್ನೊಬ್ಬರಿಲ್ಲ.

ಹುಡುಗನನ್ನು ಒಳಗೆ ಕರೆದು ಕೇಳಿದೆ. ಅವನಿಗೆ ತಪ್ಪೇನೆಂದು ತಿಳಿಯಲೇ ಇಲ್ಲ.

“ಬಂದದ್ದನ್ನು ಬಂದದ್ದರಲ್ಲಿ ಬರೆದಿದ್ದೇನೆ ಸರ್.”

“ಹಾಗಾದರೆ ಹೋದದ್ದರಲ್ಲಿ ಏಕೆ ಬರೆಯಲಿಲ್ಲ?”

ಅವನು ಸಂಕೋಚದಿಂದ ನೆಲ ನೋಡಿದ. “ಕುಡಿದ ಮೇಲೆ ಅದು ಎಲ್ಲಿ ಹೋಗುತ್ತದೆ ಎಂದು ಕಚೇರಿಯ ಕಾಗದದಲ್ಲಿ ಹೇಗೆ ಬರೆಯಲಿ ಸರ್?”

ಇಷ್ಟಕ್ಕೇ ಮುಗಿಯಲಿಲ್ಲ. ಕೆಳಗಿನ ಸಾಲಿನಲ್ಲಿ ‘ಕಪ್ಲರ್’ ಎಂದಿತ್ತು. ಎರಡು ಪೈಪುಗಳನ್ನು ಉದ್ದಕ್ಕೆ ಜೋಡಿಸುವ ತುಂಡು. ಅದರಲ್ಲಿ ಲೆಕ್ಕಕ್ಕಿಂತ ಎರಡು ಹೆಚ್ಚು ಹೋಗಿದ್ದವು. ಅದನ್ನೂ ಕೇಳಿದೆ. “ಮಂಗಳವಾರ ಎರಡು ಕಪ್ ಒಡೆದವು ಸರ್” ಎಂದ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಇಂಥವನನ್ನು ಹೇಗೆ ಬೈಯುವುದು?

ಮೂರನೆಯ ಅನಾಹುತವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದರ ಹಣ ಇನ್ನೂ ಬಂದಿಲ್ಲ. ಗಂಗಾವತಿ ಶಾಖೆಯವನಿಗೆ ಉದ್ರಿ ಗಿರಾಕಿಗಳ ಹೆಸರನ್ನು ಅಕಾರಾದಿಯಾಗಿ ನೋಡುವ ಆಸೆಯಾಯಿತು. ಹೆಸರಿನ ಅಂಕಣವೊಂದನ್ನೇ ಆರಿಸಿ ವಿಂಗಡಿಸಿದ. ಹೆಸರುಗಳು ಆಜ್ಞಾಧಾರಕರಂತೆ ಸಾಲಾಗಿ ನಿಂತವು. ಬಾಕಿ ಹಣ ಮಾತ್ರ ಇದ್ದಲ್ಲೇ ಉಳಿಯಿತು. ಒಂದು ಪೈಸೆ ಬಾಕಿಯಿಲ್ಲದ ನಿವೃತ್ತ ಮೇಷ್ಟ್ರಿಗೆ 48,000 ರೂಪಾಯಿ ಕಟ್ಟಿ ಎಂದು ಫೋನ್ ಹೋಯಿತು. ನಿಜಕ್ಕೂ 48,000 ಕೊಡಬೇಕಾದವರಿಗೆ ‘ನಿಮ್ಮ ಬಾಕಿ ಪೂರ್ತಿ ಸಂದಾಯವಾಗಿದೆ, ಧನ್ಯವಾದಗಳು’ ಎಂದು ಸಂದೇಶ ಹೋಯಿತು. ಹಳೆಯ ಆವೃತ್ತಿಯನ್ನು ತೆಗೆದು ಶೀಟನ್ನು ಹಿಂದಿನ ಸ್ಥಿತಿಗೆ ತರಲು ಎರಡು ನಿಮಿಷ ಸಾಕಾಯಿತು. ಸಂದೇಶವನ್ನು ಹಿಂದಕ್ಕೆ ತರಲು ಆಗಲಿಲ್ಲ. ಅವರು ಅದನ್ನು ಮುದ್ರಿಸಿ ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದಾರೆ. “ನಿಮ್ಮ ಕಂಪ್ಯೂಟರೇ ಕೈ ಮುಗಿದು ಹೇಳಿದೆಯಲ್ಲ ಸರ್” ಎನ್ನುತ್ತಾರೆ.

ಈಗ ಸಾಹುಕಾರರು ಮೇಜು ಗುದ್ದಿದರು. ಮೂವರನ್ನು ಬಿಟ್ಟು ಯಾರೂ ಶೀಟಿಗೆ ಕೈ ಹಚ್ಚಕೂಡದು. ಸ್ಟೋರಿನವನು, ಬಿಲ್ಲು ಹಾಕುವ ಹುಡುಗಿ, ನಾನು. ಇದನ್ನು ಎಲ್ಲರಿಗೂ ತಿಳಿಯುವಂತೆ, ಶುದ್ಧ ಕನ್ನಡದಲ್ಲಿ ಒಂದು ನೋಟಿಸ್ ಹಚ್ಚು ಎಂದರು. ನವೆಂಬರ್ ತಿಂಗಳು ಬೇರೆ. ‘ಎಡಿಟ್’ ಎಂಬುದಕ್ಕೆ ನಿಘಂಟು ನೋಡಿ, ದಪ್ಪ ಅಕ್ಷರದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದೆ:

‘ನಾಳೆಯಿಂದ ಸಂಪಾದನೆಯ ಹಕ್ಕು ಮೂವರಿಗೆ ಮಾತ್ರ. ಉಳಿದ ಸಿಬ್ಬಂದಿ ನೋಡಬಹುದು.’

ಹನ್ನೊಂದು ಗಂಟೆಗೆ ಅಂಟಿಸಿದ್ದು. ಹನ್ನೆರಡಕ್ಕೆ ಕುಷ್ಟಗಿ ಶಾಖೆಯಿಂದ, ಉಳಿದವರಿಗೆ ಸಂಬಳ ನಿಲ್ಲಿಸಿದ್ದು ನಿಜವೇ ಎಂದು ಫೋನ್ ಬಂತು. ಒಂದಕ್ಕೆ ಡ್ರೈವರುಗಳು ಲಾರಿಯ ಕೀಲಿ ತಂದು ಮೇಜಿನ ಮೇಲಿಟ್ಟರು. ಎರಡಕ್ಕೆ ಅಟೆಂಡರ್ ಹುಡುಗನ ತಾಯಿ ಬಂದು, “ನನ್ನ ಮಗ ಎರಡು ಕಪ್ ಒಡೆದದ್ದಕ್ಕೆ ಸಂಪಾದನೆಯನ್ನೇ ಕಿತ್ತುಕೊಳ್ಳುತ್ತೀರಾ ಅಣ್ಣ?” ಎಂದು ಬಾಗಿಲಲ್ಲಿ ನಿಂತರು. ಸಾಹುಕಾರರು ನೋಟಿಸನ್ನು ತಾವೇ ಹರಿದು, “ಕನ್ನಡದಲ್ಲಿ ಬರೆ ಎಂದರೆ ಇಷ್ಟು ಕನ್ನಡದಲ್ಲಿ ಬರೆಯುವುದೇನು?” ಎಂದರು.

ಸಂಬಳದ ಗಾಬರಿ ಸಂಜೆಗೆ ಇಳಿಯಿತು. ಇಳಿಯದೆ ಉಳಿದದ್ದು ಮರ್ಯಾದೆಯ ಪ್ರಶ್ನೆ. ಲೆಕ್ಕದ ಕಾಕಾ ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟರು. ಊಟದ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಸ್ಟೋರಿನ ಮೂಲೆಯಲ್ಲಿ, ಪಿವಿಸಿ ಪೈಪುಗಳ ಪಕ್ಕ ಕುಳಿತು ಉಂಡರು. ಐದನೆಯ ದಿನ ಬಂದು, “ತಮ್ಮಾ, ಮೂವತ್ತೊಂದು ವರ್ಷ ಬರೆದ ಕೈ ಇದು. ಇದಕ್ಕೆ ನೀನು, ನೋಡು ಆದರೆ ಮುಟ್ಟಬೇಡ ಎಂದೆ. ಸಿಹಿ ಅಂಗಡಿಯ ಮುಂದೆ ಸಕ್ಕರೆ ಕಾಯಿಲೆಯವನನ್ನು ನಿಲ್ಲಿಸಿದ ಹಾಗೆ” ಎಂದರು. ನನಗೆ ಗಂಟಲು ಕಟ್ಟಿತು. ಅವರಿಗೆ ಟಿಪ್ಪಣಿ ಹಾಕುವ ದರ್ಜೆ ಕೊಟ್ಟೆ.

ಕೊಡಬಾರದಿತ್ತು. ಮರುದಿನ ಶೀಟಿನ ಬಲಗಡೆ 64 ಟಿಪ್ಪಣಿಗಳು. ‘ಪರಿಶೀಲಿಸಿ.’ ‘ಇದು ಹೇಗೆ?’ ‘ಹೋದ ವರ್ಷ ಹೀಗಿರಲಿಲ್ಲ.’ ‘ಮೇಲಿನ ಟಿಪ್ಪಣಿ ನೋಡಿ.’ ಪ್ರತಿಯೊಂದಕ್ಕೂ ನನ್ನ ಮೊಬೈಲಿಗೆ ಒಂದು ಗಂಟೆ. ಇದನ್ನು ಕಂಡು ಉಳಿದವರೂ ಟಿಪ್ಪಣಿ ದರ್ಜೆ ಕೇಳಿ ಪಡೆದರು. 75 ಎಂಎಂ ಎಲ್ಬೋದ ಚೌಕಕ್ಕೆ ‘ಮಧ್ಯಾಹ್ನ ಮಿರ್ಚಿ ತರಿಸೋಣವೇ’ ಎಂಬ ಪ್ರಶ್ನೆಯೂ, ಅದಕ್ಕೆ ಒಂಬತ್ತು ಉತ್ತರಗಳೂ ಇಂದಿಗೂ ಅಂಟಿಕೊಂಡಿವೆ. ಎಲ್ಬೋ ಮಾರಾಟವಾಗಿ ಎಷ್ಟೋ ದಿನವಾಯಿತು.

ಸಾಹುಕಾರರ ಭಾವಮೈದುನರಿಗೆ ಮಾತ್ರ ಏನೂ ಕೊಡಲಿಲ್ಲ. ಅವರು ತಂಗಿಯ ಮುಂದೆ ಕಣ್ಣೀರು ಹಾಕಿದರೆಂದೂ, ಸಾಹುಕಾರರ ಮನೆಯಲ್ಲಿ ಮೂರು ದಿನ ಬರೀ ಬೇಳೆ ಸಾರು ಆಯಿತೆಂದೂ ಡ್ರೈವರ್ ಹೇಳಿದ. ನೋಡುವ ಹಕ್ಕು ಮಾತ್ರ ಉಳಿದ ಒಂದಿಬ್ಬರು ಜಾಣರು ಇನ್ನೊಂದು ದಾರಿ ಕಂಡುಕೊಂಡರು. ನೋಡುವವರು ಶೀಟಿನ ಪ್ರತಿ ಮಾಡಿಕೊಳ್ಳಬಹುದು. ಬೇಡವೆಂದರೆ ಆ ಸೌಲಭ್ಯವನ್ನು ಬೇರೆಯಾಗಿ ಮುಚ್ಚಬೇಕು, ನಾನು ಮುಚ್ಚಿರಲಿಲ್ಲ. ಹದಿನೈದು ದಿನದಲ್ಲಿ ‘ಸ್ಟಾಕ್’, ‘ಸ್ಟಾಕ್ ಹೊಸದು’, ‘ಸ್ಟಾಕ್ ಕೊನೆಯದು’, ‘ಸ್ಟಾಕ್ ಕೊನೆಯದು 2’, ‘ನಿಜವಾದ ಸ್ಟಾಕ್’ ಎಂದು ಐದು ಸ್ಟಾಕುಗಳಾದವು. ಸ್ಟೋರು ಮಾತ್ರ ಒಂದೇ ಇತ್ತು.

ಮನಸ್ಸು ಕೆಟ್ಟಿತ್ತು. ಭಾನುವಾರ ಮಗಳನ್ನು ಕರೆದುಕೊಂಡು ಗವಿಮಠಕ್ಕೆ ಹೋದೆ. ಅವಳಿಗೆ ಅಶೋಕನ ಶಾಸನದ ಮೇಲೆ ಶಾಲೆಯ ಪ್ರಾಜೆಕ್ಟ್ ಇತ್ತು. ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ನೋಡುತ್ತ ನಿಂತಾಗ ನನಗೆ ಹೊಟ್ಟೆಕಿಚ್ಚಾಯಿತು. ಕ್ರಿಸ್ತಪೂರ್ವ 3ನೇ ಶತಮಾನದಿಂದ ಹೊರಗೆ ತೆರೆದು ಬಿದ್ದಿದೆ, ಲಿಂಕ್ ಇರುವ ಯಾರಾದರೂ ಬರಬಹುದು, ಆದರೂ ಒಂದು ಸಾಲನ್ನೂ ಯಾರೂ ವಿಂಗಡಿಸಿಲ್ಲ! ಸಾಲದ್ದಕ್ಕೆ ಇದೇ ಊರಿನ ಪಾಲ್ಕಿಗುಂಡುವಿನಲ್ಲಿ ಅದರದೇ ಇನ್ನೊಂದು ಪ್ರತಿಯನ್ನೂ ಕೆತ್ತಿಸಿಟ್ಟಿದ್ದಾನೆ ಮಹಾರಾಯ. ಆ ಪ್ರತಿ ಬಹಳ ಸವೆದಿದೆ, ಇದು ಉಳಿದಿದೆ. ಪ್ರತಿ ಇಟ್ಟುಕೊಳ್ಳುವುದೆಂದರೆ ಇದು.

ಆದರೆ ಅಶೋಕನಿಗೂ ನಮ್ಮ ಕ್ಯಾಪಿಬಾರಾದ ತೊಂದರೆ ಇತ್ತು ಎಂದು ಮಗಳು ಪ್ರಾಜೆಕ್ಟಿನ ಹಾಳೆ ತೆಗೆದು ಹೇಳಿದಳು. ಹೆಚ್ಚಿನ ಶಾಸನಗಳಲ್ಲಿ ಅವನು ಬರಿಯ ‘ದೇವಾನಾಂಪ್ರಿಯ’. ಖಾತೆಯ ಹೆಸರಿದೆ, ಮನುಷ್ಯನ ಹೆಸರಿಲ್ಲ. 1915ರಲ್ಲಿ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬುವವರಿಗೆ ಸಿಕ್ಕ ಶಾಸನದಲ್ಲಿ ಮೊದಲ ಸಲ ‘ಅಶೋಕ’ ಎಂಬ ಹೆಸರೇ ಕಂಡಿತು. ಅಲ್ಲಿಯವರೆಗೆ ಕಲ್ಲಿನ ಮಟ್ಟಿಗೆ ಚಕ್ರವರ್ತಿಯೂ ಅನಾಮಿಕನೇ. ಅವನಿಗಿಂತ ಲಿಪಿಕಾರನೇ ಹುಷಾರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡ ಎಂಬಾತ ತನ್ನ ಹೆಸರನ್ನು ಕೆತ್ತಿ, ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ವಾಯವ್ಯದ ಕಡೆಯ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಕಾಕಾನ ಇರುವೆ ಸಹಿ ನೆನಪಾಯಿತು.

ಇಳಿಯುವಾಗ ಮಗಳು ಇನ್ನೊಂದು ಹೇಳಿದಳು. ಮುಂದಿನ ಕಾಲದ ದಾನಶಾಸನಗಳ ಕೊನೆಯಲ್ಲಿ ಶಾಪ ಬರೆಯುತ್ತಿದ್ದರಂತೆ. ತಾನು ಕೊಟ್ಟದ್ದಿರಲಿ, ಬೇರೆಯವರು ಕೊಟ್ಟದ್ದಿರಲಿ, ಆ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ.

ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಶೀಟಿನಲ್ಲಿ, ಒಂದು ಚೌಕವನ್ನು ಮುಟ್ಟಿದೊಡನೆ ನಾವು ಬರೆದ ಸೂಚನೆ ತಲೆ ಎತ್ತುವಂತೆ ಮಾಡಬಹುದು. ಅಂಕಿ ಮಾತ್ರ ಬರೆಯಿರಿ, ಊರಿನ ಹೆಸರು ಪಟ್ಟಿಯಿಂದ ಆರಿಸಿ ಎಂಬಂಥ ಸಪ್ಪೆ ಸೂಚನೆಗಳಿಗಾಗಿ ಇರುವ ಸೌಲಭ್ಯ ಅದು. ರಾತ್ರಿ ಕುಳಿತು ‘ಬಂದದ್ದು’, ‘ಹೋದದ್ದು’ ಎರಡೂ ಅಂಕಣಗಳ ಪ್ರತಿ ಚೌಕಕ್ಕೂ ಬರೆದೆ: ‘ಇಲ್ಲಿ ತಪ್ಪು ಅಂಕಿ ಬರೆದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನು.’

ಸೋಮವಾರ ಅಮಾವಾಸ್ಯೆ. ನನಗೆ ನೆನಪಿರಲಿಲ್ಲ. ಬೆಳಿಗ್ಗೆ ಶೀಟ್ ತೆರೆದ ಸ್ಟೋರಿನವನು ಓದಿ, ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಹೊರಗೆ ಹೋಗಿ ಕಾಲು ತೊಳೆದು ಬಂದ. ಬಿಲ್ಲು ಹಾಕುವ ಹುಡುಗಿ, “ಮದುವೆ ನಿಶ್ಚಯವಾಗಿದೆ ಸರ್, ನನಗೆ ಈ ಹಕ್ಕು ಬೇಡ” ಎಂದಳು. ಗಂಗಾವತಿಯವನು ಫೋನ್ ಮಾಡಿ, ತಾನು ಹಿಂದೆ ವಿಂಗಡಿಸಿದ್ದಕ್ಕೂ ಇದು ಅನ್ವಯಿಸುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಹೊಸ ನಿಯಮ, ಹಳೆಯದಕ್ಕೆ ಇಲ್ಲ ಎಂದೆ. ಇಡೀ ದಿನ ಶೀಟಿನಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ. ಲೆಕ್ಕ ಅಷ್ಟು ಶುದ್ಧವಾಗಿದ್ದ ದಿನ ಇನ್ನೊಂದಿಲ್ಲ. ವ್ಯಾಪಾರ ಮಾತ್ರ ನಡೆದಿತ್ತು, ಬರೆದವರಿರಲಿಲ್ಲ. ಸಂಜೆ ಕಾಕಾ ಸದ್ದಿಲ್ಲದೆ ಕಪಾಟು ತೆರೆದು ಹಳೆಯ ರಿಜಿಸ್ಟರಿನಲ್ಲಿ ದಿನದ ಲೆಕ್ಕ ಬರೆಯುತ್ತಿದ್ದುದನ್ನು ಕಂಡೆ. ಅವರು ಒಂದು ದಿನವೂ ಬಿಟ್ಟಿರಲಿಲ್ಲವಂತೆ.

ಶಾಪ ತೆಗೆದೆ. ಪ್ರತಿಗಳನ್ನು ಅಳಿಸಿದೆ. ಸೂತ್ರದ ಅಂಕಣಕ್ಕೆ ಬೀಗ ಹಾಕಿದೆ. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ, ಹೋದ ಗುರುವಾರ ಸಂಜೆ ಐದಕ್ಕೆ ಸಾಹುಕಾರರು ನನ್ನನ್ನು ಒಳಗೆ ಕರೆದರು. ಹೊಸ ಮೊಬೈಲ್ ಕೊಂಡಿದ್ದರು, ಅದರಲ್ಲಿ ಹೊಸ ಖಾತೆ. ಶೀಟ್ ತೆರೆಯಲು ಹೋದರೆ ಅನುಮತಿ ಬೇಕು ಎಂದಿತು. ಕೇಳಿದರು. ಒಂದು ತಾಸಿನ ನಂತರ ಅನುಮತಿ ಬಂತು.

“ಆದರೆ ಏನು ಒತ್ತಿದರೂ ಒಳಗೆ ಹೋಗುತ್ತಿಲ್ಲವಲ್ಲಪ್ಪಾ.”

ನೋಡಿದೆ. ಅವರ ಹೆಸರಿನ ಮುಂದೆ ‘ನೋಡಲು ಮಾತ್ರ’ ಎಂದಿತ್ತು.

“ನನಗೆ ನೋಡಲು ಮಾತ್ರ ಕೊಟ್ಟವರು ಯಾರು?” ದನಿ ತಣ್ಣಗಿತ್ತು. “ಈ ಶೀಟಿನ ಮಾಲೀಕ ಯಾರು?”

ಮಾಲೀಕರ ಹೆಸರನ್ನು ನಾನು ಅಂದೇ ಮೊದಲ ಬಾರಿ ಒತ್ತಿ ನೋಡಿದೆ. ಆ ಭಾನುವಾರ, ಮಗಳ ಕಂಪ್ಯೂಟರಿನಲ್ಲಿ, ಮಗಳ ಖಾತೆ ತೆರೆದಿದ್ದಾಗಲೇ ನಾನು ಶೀಟ್ ಹುಟ್ಟಿಸಿದ್ದೆ. ನಾಲ್ಕೂ ಊರುಗಳ ಪೈಪು, ಮೋಟರು, ಉದ್ರಿ ಬಾಕಿ ಸಮೇತ ಎಲ್ಲಕ್ಕೂ ಇಷ್ಟು ದಿನ ಒಡತಿಯಾಗಿದ್ದವಳು ಹತ್ತನೆಯ ತರಗತಿಯ ಹುಡುಗಿ. ನನಗೆ ತಿದ್ದುವ ಹಕ್ಕು ಇದ್ದದ್ದೂ, ನನ್ನ ವಿಳಾಸವನ್ನು ನಾನು ಅಂದು ಅವಳ ಖಾತೆಯಿಂದ ಸೇರಿಸಿದ್ದರಿಂದ.

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ.

“ಹೌದು ಅಪ್ಪಾ, ಯಾರೋ ಕೇಳಿದ್ದರು” ಎಂದಳು. “ಹೊಸಬರಿಗೆ ಒಮ್ಮೆಲೇ ತಿದ್ದಲು ಕೊಡಬಾರದು ಎಂದು ನೀನೇ ಊಟದ ಹೊತ್ತಿಗೆಲ್ಲ ಹೇಳುತ್ತಿದ್ದೆಯಲ್ಲ. ಪರೀಕ್ಷಿಸಿ ನೋಡಿ ಕೊಟ್ಟರಾಯಿತು ಎಂದುಕೊಂಡೆ.”

“ಅವರು ಸಾಹುಕಾರರಮ್ಮ. ಈಗಲೇ ಬದಲಿಸು.”

“ಟ್ಯೂಷನ್ನಿಗೆ ಹೊರಟಿದ್ದೇನೆ ಅಪ್ಪಾ. ಅಲ್ಲಿ ಮೊಬೈಲ್ ಮುಟ್ಟುವಂತಿಲ್ಲ. ಏಳು ಗಂಟೆಗೆ ಬಂದು ಮಾಡುತ್ತೇನೆ.”

ಒಳಗೆ ಹೋಗಿ, ಏಳಕ್ಕೆ ಆಗುತ್ತದೆ ಎಂದಷ್ಟೇ ಹೇಳಿದೆ. ಸಾಹುಕಾರರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಗಂಟೆ ಒತ್ತಿದರು. ಅಟೆಂಡರ್ ಹುಡುಗ ಎರಡು ಕಪ್ ತಂದು ಮೇಜಿನ ಮೇಲಿಟ್ಟು, ಹೋಗದೆ ಅಲ್ಲೇ ನಿಂತ.

“ಇವೆರಡನ್ನು ಎಲ್ಲಿ ಬರೆಯಲಿ ಸರ್?”

ಸಾಹುಕಾರರು ಕಿಟಕಿಯ ಆಚೆಗೆ, ಕಪಾಟಿನ ಮುಂದೆ ಬಾಗಿ ಕುಳಿತಿದ್ದ ಕಾಕಾನ ಕಡೆ ಬೆರಳು ತೋರಿಸಿದರು. ಹುಡುಗ ಹೋದ. ಕಾಕಾ ತಲೆ ಎತ್ತಿ ಅವನನ್ನು ನೋಡಿ, ಅವನ ಕೈಯಲ್ಲಿ ಲೋಟವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಪೆನ್ನಿನ ಮುಚ್ಚಳ ತೆಗೆದರು.